ಸೀಸನ್ ಕೆಲಸದವರಿಗೆ ಬಿಡಾರ: ಆಳು ಕರೆಯುವ ಮೊದಲು ಮನೆ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಹತ್ತಿರ ಬಂತು ಅಂದರೆ ಎಲ್ಲರದ್ದೂ ಒಂದೇ ಗೋಳು. ಆಳು ಸಿಗುವುದಿಲ್ಲ, ಸಿಕ್ಕಿದವರು ನಿಲ್ಲುವುದಿಲ್ಲ. ಸಿಗದೇ ಇರುವುದಕ್ಕೆ ಹತ್ತಾರು ಕಾರಣ ಇರಬಹುದು. ನಿಲ್ಲದೇ ಇರುವುದಕ್ಕೆ ಮಾತ್ರ ಬಹಳ ಸಲ ನಾವು ಕೊಟ್ಟ ಜಾಗವೇ ಕಾರಣ. ಕೂಲಿ ಸ್ವಲ್ಪ ಆಚೀಚೆ ಆದರೆ ಜನ ಸಹಿಸುತ್ತಾರೆ. ಆದರೆ ಗೊಬ್ಬರದ ಚೀಲದ ಪಕ್ಕ ಮಲಗಿ, ಬೆಳಗ್ಗೆ ಚೊಂಬು ಹಿಡಿದು ಕಾನಿಗೆ ಹೋಗಿ, ತಣ್ಣೀರಲ್ಲಿ ಮೈ ತೊಳೆದು, ಆಮೇಲೆ ಐವತ್ತು ಅಡಿ ಮರ ಹತ್ತು ಅಂದರೆ ಯಾರು ಹತ್ತುತ್ತಾರೆ ಹೇಳಿ?

ಹಾವೇರಿ, ಹಾನಗಲ್ ಕಡೆಯಿಂದ ಸಂಸಾರ ಸಮೇತ ಬರುವವರಿರಬಹುದು, ಬಿಹಾರ, ಜಾರ್ಖಂಡ್, ಒಡಿಶಾದ ಹುಡುಗರ ತಂಡ ಇರಬಹುದು. ಅವರಿಗೆ ಮನೆ ಆರಿಸುವಾಗ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದನ್ನು ತೋಟ, ಗದ್ದೆ ಇರುವ ನಮ್ಮಂಥವರಿಗಾಗಿ ಬರೆಯುತ್ತಿದ್ದೇನೆ.

1. ಯಾರು ಬರುತ್ತಾರೆ, ಯಾವ ತಿಂಗಳಲ್ಲಿ?

ಮನೆ ಹುಡುಕಲು ಹೊರಡುವ ಮೊದಲು ಇಷ್ಟನ್ನು ಬರೆದಿಟ್ಟುಕೊಳ್ಳಿ. ಕೊನೆಕೊಯ್ಲು, ಅಡಿಕೆ ಸುಲಿಯುವ ಕೆಲಸಕ್ಕೆ ಬರುವವರು ಚಳಿಗಾಲದಲ್ಲಿ ಇರುತ್ತಾರೆ. ಅಡಿಕೆಗೆ ಕೊಳೆರೋಗ ಬಾರದಂತೆ ಕೊಳೆಮದ್ದು ಹೊಡೆಯಲು ಬರುವವರಿಗೆ ಜೂನ್, ಜುಲೈ ಮಳೆ ತಪ್ಪಿದ್ದಲ್ಲ. ಗಟ್ಟದ ಕೆಳಗೆ, ಕುಮಟಾದ ಅಳ್ವೆಕೋಡಿ, ಹಂದಿಗೋಣದಲ್ಲಿ ಈರುಳ್ಳಿ ಕೀಳುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಬಾವಿ ತಳ ಹಿಡಿದಿರುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಕಂಡ ಮನೆ ಜುಲೈನಲ್ಲಿ ವಾಸಕ್ಕೆ ಬರದೇ ಇರಬಹುದು. ಹಾಗಾಗಿ ಅವರು ಇರುವ ತಿಂಗಳುಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಮನೆ ನೋಡಿ.

ಗಂಡಸರ ತಂಡವಾ, ಜೋಡಿಗಳಾ, ಮಕ್ಕಳೂ ಬರುತ್ತಾರಾ ಅಂತಲೂ ಕೇಳಿ. ಮೇಸ್ತ್ರಿ ಫೋನಿನಲ್ಲಿ "ಎಂಟು ಜನ" ಅಂತಾನೆ, ಬರುವುದು ಎಂಟು ಕೆಲಸದವರು, ಜೊತೆಗೆ ನಾಲ್ಕು ಮಕ್ಕಳು, ಒಬ್ಬ ಅಜ್ಜಿ. ಮಕ್ಕಳನ್ನು ಬಿಟ್ಟು ಬನ್ನಿ ಅನ್ನುವ ಹಾಗಿಲ್ಲ, ಅಲ್ವಾ? ತಲೆ ಎಣಿಸುವಾಗಲೇ ಅವರನ್ನೂ ಸೇರಿಸಿ.

2. ಹಳೇ ಮನೆಯಾ, ಶೆಡ್ಡಾ, ಟೆಂಟಾ?

ಈಗ ನಮ್ಮ ಊರುಗಳಲ್ಲಿ ಬೀಗ ಹಾಕಿದ ಮನೆಗಳಿಗೆ ಬರ ಇಲ್ಲ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಇಲಿ, ಒರಲೆ. ನನ್ನ ಕೇಳಿದರೆ ಇಂಥ ಹಂಚಿನ ಮನೆಯೊಂದನ್ನು ಸೀಸನ್ನಿಗೆ ಬಾಡಿಗೆಗೆ ಹಿಡಿಯುವುದೇ ಒಳ್ಳೆಯದು. ಗೋಡೆ ದಪ್ಪ, ಒಳಗೆ ತಂಪು, ಬಚ್ಚಲಲ್ಲಿ ಹಂಡೆ ಒಲೆ ಇರುತ್ತದೆ, ಬಾವಿ ಹತ್ತಿರ. ಜನ ಇದ್ದರೆ ಮನೆಯೂ ಉಳಿಯುತ್ತದೆ ಅಂತ ಮಾಲೀಕರಿಗೂ ಹೇಳಬಹುದು. ಆದರೆ ಮಾತಾಡುವಾಗ ಮೂರು ವಿಷಯ ಬಿಡಬೇಡಿ. ಹಂಚು ಒಡೆದರೆ ಯಾರ ಖರ್ಚು? ಅವರ ಸಾಮಾನು ಯಾವ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ? ಇಂಥ ಜಾತಿಯವರಿಗೆ ಕೊಡುವುದಿಲ್ಲ, ಇಂಥದ್ದು ಬೇಯಿಸಬಾರದು ಅನ್ನುವ ಕಟ್ಟುಪಾಡು ಏನಾದರೂ ಇದೆಯಾ? ಮೂರನೆಯದನ್ನು ಕೇಳಲು ನಮಗೆ ಮುಜುಗರ, ಹೇಳಲು ಅವರಿಗೂ ಮುಜುಗರ. ಜನ ಗಂಟುಮೂಟೆ ಇಳಿಸಿದ ಮೇಲೆ ಆ ಮಾತು ಬಂದರೆ ಎಲ್ಲರ ಮರ್ಯಾದೆಯೂ ಹೋಗುತ್ತದೆ. ಮೊದಲೇ ಕೇಳಿ. ಹಾಗೆಲ್ಲ ಇದೆ ಅಂದರೆ ಬೇರೆ ಮನೆ ನೋಡಿ.

ನಿಮ್ಮದೇ ಬಿಡಾರ ಇದ್ದರೆ ಮೊದಲು ಮಾಡು ನೋಡಿ. ಏಣಿ ಹಾಕಿ ಮೇಲೆ ಹತ್ತಿ, ಹಂಚು ಹೊರುವ ಮರದ ರೀಪು, ಪಕಾಸಿಗೆ ಚಾಕುವಿನ ತುದಿ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಒರಲೆ ತಿಂದಿದೆ ಅಂತ ಲೆಕ್ಕ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೆ ನಿಂತರೆ ಎಲ್ಲೆಲ್ಲಿ ಬೆಳಕು ಚುಕ್ಕಿಯಾಗಿ ಬೀಳುತ್ತದೋ ಅಲ್ಲೆಲ್ಲ ಮಳೆಯಲ್ಲಿ ನೀರೂ ಬೀಳುತ್ತದೆ. ಒಂದು ಚಾಕ್ ಹಿಡಿದು ನೆಲದ ಮೇಲೆ ಗುರುತು ಹಾಕಿ, ಹಂಚು ಕೈಯಾಡಿಸುವವರಿಗೆ (ಹಂಚು ತೆಗೆದು ಸರಿಮಾಡಿ ಹೊದಿಸುವವರಿಗೆ) ತೋರಿಸಿ.

ಶೀಟಿನ ಶೆಡ್ಡು ಬೇಗ ಏಳುತ್ತದೆ, ನಿಜ. ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಚಳಿಯಲ್ಲಿ ಇಬ್ಬನಿ ಶೀಟಿನ ಒಳಮೈಗೆ ಕಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಕಟ್ಟುವುದೇ ಆದರೆ ಎತ್ತರ ಜಾಸ್ತಿ ಇಡಿ, ಮಾಡಿನ ಅಂಚಿನ ಕೆಳಗೆ ಗಾಳಿ ಆಡಲು ಜಾಗ ಬಿಟ್ಟು ಅದಕ್ಕೆ ಬಲೆ ಹೊಡೆಯಿರಿ. ಬನವಾಸಿ, ಮುಂಡಗೋಡ ಕಡೆ ಶುಂಠಿ ಗದ್ದೆಯ ಅಂಚಿಗೆ ನೀಲಿ ತಾಡಪಾಲಿನ ಟೆಂಟು ಹಾಕಿ ಜನರನ್ನು ಇಡುವುದುಂಟು. ಅದನ್ನು ಮನೆ ಅಂತ ನಾನು ಒಪ್ಪುವುದಿಲ್ಲ.

ಅಡಿಕೆ ಬೇಯಿಸುವ ಒಲೆಯ ಪಕ್ಕದ ಕೋಣೆ, ಡ್ರೈಯರ್ ಮನೆಯ ಅಟ್ಟ, ಮೈಲುತುತ್ತ (ಕೊಳೆಮದ್ದಿಗೆ ಬೆರೆಸುವ ನೀಲಿ ಪುಡಿ), ಕಳೆನಾಶಕ, ಪೆಟ್ರೋಲ್ ಇಡುವ ಕೋಣೆ, ಇವು ಮಲಗುವ ಜಾಗದ ಲೆಕ್ಕಕ್ಕೆ ಬರುವುದೇ ಬೇಡ.

3. ಜಾಗ ಎಲ್ಲಿ?

ಧರೆ ಕಡಿದು ಮಾಡಿದ ಜಾಗ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಅದರ ಬುಡದಲ್ಲಿದ್ದ ಹೋಟೆಲ್ಲೂ ಹೋಯಿತು. ಮಳೆಗಾಲದಲ್ಲಿ ಜನ ಇರುವ ಬಿಡಾರದ ಹಿಂದೆ ನೆಟ್ಟಗೆ ಕಡಿದ ಧರೆ ಇದ್ದರೆ, ಅದರ ಮೇಲೆ ಬಿರುಕು ಬಿಟ್ಟಿದ್ದರೆ, ಬುಡದಲ್ಲಿ ಕೆಸರು ನೀರು ಒಸರುತ್ತಿದ್ದರೆ ಆ ಮನೆ ಎಷ್ಟೇ ಚಂದ ಇದ್ದರೂ ಬಿಟ್ಟುಬಿಡಿ. ಗಂಗಾವಳಿ, ಅಘನಾಶಿನಿ ದಂಡೆಯ ಊರಾದರೆ 2019ರ ಆಗಸ್ಟ್ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಗೋಡೆಯಲ್ಲೇ ಕೈಯಿಟ್ಟು ತೋರಿಸುತ್ತಾರೆ.

ಸೊಪ್ಪಿನ ಬೆಟ್ಟದಲ್ಲಿ ಬಿಡಾರ ಕಟ್ಟುವ ಯೋಚನೆ ಬೇಡ. ಅಲ್ಲಿ ನಮಗಿರುವುದು ತೋಟಕ್ಕೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಸೌಲಭ್ಯ ಮಾತ್ರ, ಜಾಗ ಅರಣ್ಯ ಇಲಾಖೆಯದು.

ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಈ ರೋಗ ಪಕ್ಕದ ಸಿದ್ದಾಪುರಕ್ಕೆ ಹೊಸದೇನಲ್ಲ. ಇದು ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳದಿಂದ), ಅದೂ ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಸರಿಯಾಗಿ ನಮ್ಮ ಕೊಯ್ಲು, ದರಕು ಒಟ್ಟುವ ಕಾಲ. ಊರಲ್ಲಿ ಬೆಳೆದವರಿಗೆ ಮಂಗ ಸತ್ತಿದ್ದು ಕಂಡರೆ ದೂರ ಇರಬೇಕು ಅಂತ ಗೊತ್ತು. ಹೊರಗಿನಿಂದ ಬಂದವರಿಗೆ ಯಾರು ಹೇಳಬೇಕು? ನಾವೇ. ಬಿಡಾರದ ಗೋಡೆಗೆ ತಾಗಿಸಿ ದರಕಿನ ರಾಶಿ ಹಾಕಬೇಡಿ. ಕಾಡಿಗೆ ಮೇಯಲು ಹೋಗಿ ಬರುವ ದನದ ಕೊಟ್ಟಿಗೆಯ ಅಟ್ಟದ ಮೇಲೆ ಮಲಗಿಸಬೇಡಿ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿ ಇಟ್ಟುಕೊಳ್ಳಿ. ಜ್ವರ ಬಂದರೆ ಮಾತ್ರೆ ನುಂಗಿಸಿ ಮತ್ತೆ ತೋಟಕ್ಕೆ ಕಳಿಸುವುದು ಬೇಡ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾಡಿಗೆ ಹೋಗಿದ್ದರು ಅಂತ ಡಾಕ್ಟರಿಗೆ ಹೇಳಿ.

108 ಗಾಡಿ ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿಕೊಳ್ಳಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತಲೂ. ದಿನ ಮುಗಿದ ಮೇಲೆ ಊರಿನ ಮಕ್ಕಳ ಜೊತೆ ಮಾತಾಡಲು ಕತ್ತಲೆಯಲ್ಲಿ ಗುಡ್ಡ ಹತ್ತಬೇಕು ಅಂದರೆ ಯಾರಿಗಾದರೂ ಬೇಜಾರು ಬರುತ್ತದೆ.

4. ನೀರು

ಹಾವೇರಿ ಕಡೆಯ ಹೆಂಗಸರು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಯಜಮಾನ್ರ, ನೀರ ಎಷ್ಟ ದೂರ ಐತ್ರಿ?" ಕೋಣೆ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ. ನೀರು ಹೊರುವವರು ಅವರೇ, ಅದಕ್ಕೆ.

ಲೆಕ್ಕ ಹಾಕುವುದು ಸುಲಭ. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. ಎಂಟು ಜನರಿಗೆ 440 ಲೀಟರ್. ಅಂದರೆ 500 ಲೀಟರಿನ ಸಿಂಟೆಕ್ಸ್ ತುಂಬಿಸಿದರೆ ಒಂದೇ ದಿನಕ್ಕೆ ಸರಿಹೋಗುತ್ತದೆ. ಮದ್ದು ಹೊಡೆಯುವ ಕಾಲದಲ್ಲಿ ಮೈಯೆಲ್ಲ ನೀಲಿ ಮಾಡಿಕೊಂಡು ಬರುತ್ತಾರೆ, ಅವರಿಗೆ ಇಷ್ಟು ಸಾಲುವುದಿಲ್ಲ. ಪಂಪಿಗೆ ಕರೆಂಟು ಎರಡು ದಿನ ಕೈಕೊಟ್ಟರೆ ಏನು ಮಾಡುತ್ತೀರಿ ಅಂತಲೂ ಯೋಚಿಸಿ. 1,000 ಲೀಟರಿನ ಟ್ಯಾಂಕು ತಂದರೆ ಆ ತಲೆಬಿಸಿ ಅರ್ಧಕ್ಕರ್ಧ ಇಳಿಯುತ್ತದೆ.

ಬಾವಿ ನೋಡುವುದಾದರೆ ಏಪ್ರಿಲಿನ ಮಟ್ಟ ಎಷ್ಟಿರುತ್ತದೆ ಅಂತ ಕೇಳಿ. ಕರಾವಳಿಯಲ್ಲಿ, ಅದರಲ್ಲೂ ಉಪ್ಪುನೀರು ನುಗ್ಗುವ ಗಜನಿ ಭೂಮಿಯ ಹತ್ತಿರ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಡಿಸೆಂಬರಿನಲ್ಲಿ ಕುಡಿದು ನೋಡಿ ಸಿಹಿ ಇದೆ ಅಂದರೆ ಪ್ರಯೋಜನ ಇಲ್ಲ. ಸ್ಪ್ರೇಯರ್, ಮದ್ದಿನ ಡ್ರಮ್ಮು ತೊಳೆಯುವ ಜಾಗ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಇರಲಿ. ಮದ್ದಿನ ಖಾಲಿ ಕ್ಯಾನಿನಲ್ಲಿ ನೀರು ತುಂಬಿಸಿಟ್ಟುಕೊಳ್ಳುವುದು ಕಂಡರೆ ಗದರಬೇಡಿ, ಎರಡು ಹೊಸ ಕೊಡ ತಂದುಕೊಡಿ, ಕ್ಯಾನು ತೂತು ಮಾಡಿ.

5. ಶೌಚಾಲಯ, ಬಚ್ಚಲು

ಇದಿಲ್ಲದ ಮನೆ ಬೇಡವೇ ಬೇಡ. ಹೆಂಗಸರಿದ್ದರೆ ಅವರಿಗೇ ಬೇರೆ ಒಂದು, ಒಳಗಿನಿಂದ ಚಿಲಕ, ಹೋಗುವ ದಾರಿಗೆ ಒಂದು ಬಲ್ಬು. ಕೋಣೆಯಿಂದ ದೂರ ಇದ್ದರೆ ರಾತ್ರಿ ಯಾರೂ ಹೋಗುವುದಿಲ್ಲ. ಬಾವಿಗೆ ಹತ್ತಿರ ಇದ್ದರೆ ಇನ್ನೊಂದು ತೊಂದರೆ. ನಮ್ಮ ಚಿರೆಕಲ್ಲಿನ ನೆಲದಲ್ಲಿ ತೂತುಗಳ ಮೂಲಕ ನೀರು ಬೇಗ ಓಡುತ್ತದೆ, ಹಾಗಾಗಿ ಗುಂಡಿ, ಬಾವಿ ನಡುವೆ 50 ಅಡಿ ಅಂತೂ ಇರಲೇಬೇಕು, 100 ಅಡಿ ಸಿಕ್ಕರೆ ನೆಮ್ಮದಿ. ಗುಂಡಿ ಬಾವಿಗಿಂತ ಕೆಳಗಿನ ಮಗ್ಗುಲಿಗೆ ಇರಬೇಕು.

ಬಚ್ಚಲಿನ ವಿಷಯಕ್ಕೆ ಜನ ಅಷ್ಟು ಗಮನ ಕೊಡುವುದಿಲ್ಲ. ನಾನು ಕೊಡುತ್ತೇನೆ. ಸಂಜೆ ತೋಟದಿಂದ ಬಂದವರಿಗೆ ಒಂದು ಹಂಡೆ ಬಿಸಿನೀರು ಕಾದಿದ್ದರೆ ಅರ್ಧ ಆಯಾಸ ಹೋಗುತ್ತದೆ, ಉಣುಗು ಮೈಯಲ್ಲಿದ್ದರೆ ಸೋಪು ಹಾಕಿ ಉಜ್ಜುವಾಗ ಕೈಗೆ ಸಿಗುತ್ತದೆ, ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚಿದ್ದು ತೊಳೆದುಹೋಗುತ್ತದೆ. ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ, ಒಣಗಿದ್ದು ನಾಲ್ಕು ಬುಟ್ಟಿ ಒಲೆಯ ಹತ್ತಿರ ಹಾಕಿಸಿದರೆ ನಿಮಗೇನು ಖರ್ಚು?

6. ಮಲಗುವ ಜಾಗ

ನೆರೆ, ಭೂಕಂಪದ ಸಂತ್ರಸ್ತರ ಶಿಬಿರಗಳಿಗೆ ಅಂತ ಜಗತ್ತಿನಲ್ಲಿ ಬಳಸುವ ಸ್ಫಿಯರ್ ಮಾನದಂಡವೇ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 38 ಚದರಡಿ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆಯಲ್ಲಿ ಮೂರು ಜನ ಆಯಿತು. ನಾವು ಅಲ್ಲಿ ಆರೇಳು ಜನರನ್ನು ತುಂಬುತ್ತೇವೆ, ಮೂಲೆಯಲ್ಲಿ ಒಲೆಯೂ ಇರುತ್ತದೆ. ಎಲ್ಲ ಎತ್ತಿಟ್ಟು ಕೋಣೆ ಅಳೆಯಿರಿ, ಆಮೇಲೆ ಎಷ್ಟು ಕೋಣೆ ಬೇಕು ಅಂತ ತೀರ್ಮಾನಿಸಿ. ಜೋಡಿಗಳಿಗೆ ಬಾಗಿಲಿರುವ ಬೇರೆ ಕೋಣೆ ಕೊಡಿ. ಸೀರೆ ಅಡ್ಡ ಕಟ್ಟಿಕೊಳ್ಳಿ ಅನ್ನುವುದು ಸರಿಯಲ್ಲ.

ನೆಲದ ಮೇಲೆ ಮಲಗಿಸಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಆಗುವುದಿಲ್ಲ, ಬೆಳಗ್ಗೆ ರೆಪ್ಪೆ ಎತ್ತಲಾಗದೆ ಹೋದಾಗಲೇ ಗೊತ್ತಾಗುವುದು. ಕಬ್ಬಿಣದ ಮಂಚ ತರಲು ಆಗದಿದ್ದರೆ ಅಡಿಕೆ ದಬ್ಬೆಯದ್ದೇ ಮಂಚ ಮಾಡಿಸಿ, ನಮ್ಮಲ್ಲಿ ದಬ್ಬೆಗೆ ಕೊರತೆಯಾ? ಮೇಲೆ ಸೊಳ್ಳೆಪರದೆ, ಅದರ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿಕೊಳ್ಳಲು ಹೇಳಿ. ಸೊಳ್ಳೆಗೂ ಆಯಿತು, ಹಾವಿಗೂ ಆಯಿತು. ಅಕ್ಕಿ, ಜೋಳದ ಚೀಲ ಮಲಗುವ ಕೋಣೆಯಲ್ಲಿ ಇಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮುಚ್ಚಳ ಇರುವ ಒಂದು ತಗಡಿನ ಡ್ರಮ್ಮು ಕೊಡಿ.

ಶಿರಸಿ ಚಳಿ ಗೊತ್ತಲ್ಲ, ಬಯಲುಸೀಮೆಯಿಂದ ಬಂದವರು ನಡುಗಿಬಿಡುತ್ತಾರೆ. ಆಗ ಬಾಣಲೆಯಲ್ಲಿ ಕೆಂಡ ಹಾಕಿ, ಕಿಟಕಿ ಬಾಗಿಲು ಮುಚ್ಚಿ ಮಲಗುವುದುಂಟು. ಆ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಇದನ್ನು ಅವರ ಭಾಷೆಯಲ್ಲೇ ಅರ್ಥವಾಗುವ ಹಾಗೆ ಹೇಳಿ, ಹೇಳಿ ಸುಮ್ನೆ ಬರಬೇಡಿ, ಒಬ್ಬೊಬ್ಬರಿಗೂ ಎರಡು ದಪ್ಪ ಕಂಬಳಿ ಕೊಡಿ.

ಮಳೆಗಾಲದವರಿಗೆ ಕಂಬಳಿಗಿಂತ ದೊಡ್ಡ ಸಮಸ್ಯೆ ಬಟ್ಟೆ ಒಣಗಿಸುವುದು. ಹಸಿ ಬಟ್ಟೆ ಕೋಣೆಯಲ್ಲೇ ನೇತುಹಾಕಿದರೆ ಹಾಸಿಗೆಗೂ ಬೂಸ್ಟು. ಪಡುವಣ ಕಡೆ ಸೋಗೆ ತಟ್ಟಿ ಕಟ್ಟಿದ ಒಂದು ಜಗಲಿ, ಬಚ್ಚಲೊಲೆಯ ಮೇಲೆ ಎತ್ತರದಲ್ಲಿ ನಾಲ್ಕು ಸರಳು ಇದ್ದರೆ ಸಾಕು.

7. ಒಲೆ ಮತ್ತು ಊಟದ ಮಾತು

ಅಡುಗೆಗೆ ಬೇರೆ ಜಾಗ ಇರಲಿ, ಹೊಗೆ ಹೋಗಲು ದಾರಿ ಇರಲಿ. ಹಾವೇರಿ ಕಡೆಯವರಿಗೆ ರೊಟ್ಟಿ ಬಡಿಯಲು ಅಗಲ ಜಾಗ, ದೊಡ್ಡ ಹಂಚು ಬೇಕು. ಉತ್ತರದ ಹುಡುಗರಿಗೆ ಗ್ಯಾಸ್ ಇದ್ದರೆ ಖುಷಿ. 5 ಕೆಜಿಯ ಛೋಟು ಸಿಲಿಂಡರಿಗೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ರೇಷನ್ ಕಾರ್ಡ್ ಇದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತೆಗೆದುಕೊಳ್ಳಬಹುದು, ಅದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಈಗ ಮೀನು, ಕೋಳಿಯ ವಿಷಯ. ಗಟ್ಟದ ಮೇಲೆ ನಮ್ಮ ಬಹಳಷ್ಟು ಮನೆಗಳಲ್ಲಿ ಇದೇ ಜಗಳದ ಮೂಲ. ಅಂಗಳದಲ್ಲಿ ಮೀನಿನ ವಾಸನೆ ಬಂದರೆ ನಿಮಗೆ ಆಗುವುದಿಲ್ಲ ಅಂತಾದರೆ ಬಿಡಾರವನ್ನು ಅಂಗಳಕ್ಕೆ ತಾಗಿಸಿ ಆರಿಸಬೇಡಿ, ತೋಟದ ಆಚೆ ಮಗ್ಗುಲಿಗೆ ನೋಡಿ. ದಿನವಿಡೀ ಮೈಮುರಿದು ದುಡಿದವರಿಗೆ ಏನು ತಿನ್ನಬೇಕು ಅಂತ ಹೇಳುವುದು ನಮ್ಮ ಕೆಲಸವಲ್ಲ.

8. ಕರೆಂಟು

ನೀರಾವರಿ ಪಂಪಿನ ಲೈನಿಂದ ಬಿಡಾರಕ್ಕೆ ವಯರ್ ಎಳೆಯುವವರು ಇದ್ದಾರೆ. ಅದು ಹೆಸ್ಕಾಂನವರ ಕಣ್ಣಿಗೆ ಬಿದ್ದರೆ ದಂಡ, ಒದ್ದೆ ಕಂಬಕ್ಕೆ ತಾಗಿದರೆ ಜೀವ. ಮನೆಯ ಮೀಟರಿನಿಂದಲೇ ಸರಿಯಾದ ವಯರಿಂಗ್ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆದರೆ ಅದು ತಕ್ಷಣ ಕಟ್ ಮಾಡುತ್ತದೆ. ಎಷ್ಟು ಜನ ಇದ್ದಾರೋ ಅಷ್ಟು ಚಾರ್ಜಿಂಗ್ ಪಾಯಿಂಟ್ ಕೊಡಿ, ಇಲ್ಲದಿದ್ದರೆ ಒಂದೇ ಪ್ಲಗ್ಗಿಗೆ ಆರು ಫೋನು ನೇತಾಡುತ್ತವೆ. ಕರೆಂಟು ಹೋಗುವುದು ನಮ್ಮಲ್ಲಿ ಮಾಮೂಲು, ಒಂದು ಸೋಲಾರ್ ದೀಪ ಇಡಿ.

9. ದುಡ್ಡು, ಕಾಗದ

ಬಾಡಿಗೆ ಹಿಡಿಯುತ್ತೀರೋ ಇಲ್ಲವೋ, ಕರೆಂಟ್ ಬಿಲ್ಲು, ಸೌದೆ, ಅಕ್ಕಿ ಯಾರದ್ದು ಅನ್ನುವುದನ್ನು ಅವರು ಊರಿಂದ ಹೊರಡುವ ಮೊದಲೇ ಹೇಳಿ. ನನ್ನ ಮಟ್ಟಿಗೆ ಮನೆ ಪುಕ್ಕಟೆ ಕೊಡುವುದೇ ಲಾಭ. ಕೂಲಿಯಿಂದ ಮುರಿದುಕೊಳ್ಳುವ ನೂರು ರೂಪಾಯಿ, ಸೀಸನ್ ಮಧ್ಯೆ ಅವರು ಎದ್ದುಹೋದರೆ ಆಗುವ ನಷ್ಟದ ಮುಂದೆ ಲೆಕ್ಕಕ್ಕಿಲ್ಲ. ಕೊನೆಯ ದಿನ ಲೆಕ್ಕ ಮಾಡುವಾಗ "ಮನೆ ಬಾಡಿಗೆ ಇಷ್ಟು" ಅಂತ ಹೊಸದಾಗಿ ತೆಗೆಯುವುದು ಮಾತ್ರ ಮೋಸ.

ಮನೆ ಕೊಡಲೇಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳಿಗೆ. ಅಡಿಕೆ ಅದರಲ್ಲಿ ಇರಲಿಲ್ಲ. ಹಾಗಂತ ನಮ್ಮನ್ನು ಯಾರೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ಮುಂಗಡ ತೀರುವ ತನಕ ಹೋಗುವ ಹಾಗಿಲ್ಲ ಅನ್ನುವುದು, ಅದಕ್ಕಾಗಿ ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ಬಿಡಾರಕ್ಕೆ ಹೊರಗಿನಿಂದ ಬೀಗ ಹಾಕುವುದು, ಇವು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಕೇಸಾಗುವ ವಿಷಯಗಳು. ಆಧಾರಿನ ಜೆರಾಕ್ಸ್ ಒಂದು ಇಟ್ಟುಕೊಳ್ಳಿ, ಠಾಣೆಗೆ ಒಂದು ಕೊಡಿ, ಅಸಲು ಅವರ ಹತ್ತಿರವೇ ಇರಲಿ. ಮನೆಯಲ್ಲಿ ಯಾರಿಗೆ ತಿಳಿಸಬೇಕು ಅನ್ನುವ ಒಂದು ಫೋನ್ ನಂಬರ್ ಪ್ರತಿಯೊಬ್ಬರಿಂದ ಬರೆಸಿಕೊಳ್ಳಿ.

ಮಕ್ಕಳಿದ್ದರೆ ಹತ್ತಿರದ ಅಂಗನವಾಡಿ, ಶಾಲೆಗೆ ನೀವೇ ಒಮ್ಮೆ ಕರೆದುಕೊಂಡು ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು, ಟಿಸಿ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ನಮ್ಮೂರ ಎಷ್ಟೋ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುವ ಹಂತದಲ್ಲಿವೆ, ಮೇಷ್ಟ್ರು ಖುಷಿಯಿಂದಲೇ ಸೇರಿಸಿಕೊಳ್ಳುತ್ತಾರೆ.

10. ಅವರು ಬರುವ ಮೊದಲು, ಬಂದ ಮೇಲೆ, ಹೋದ ಮೇಲೆ

ಬರುವ ಎರಡು ದಿನ ಮೊದಲು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಟ್ಯಾಂಕು ಉಜ್ಜಿಸಿ, ಬೀಗ ತೆಗೆದು ಎಲ್ಲ ಕಿಟಕಿ ತೆರೆದಿಡಿ. ಕತ್ತಲಾದ ಮೇಲೆ ಒಮ್ಮೆ ಆ ಮನೆಗೆ ಹೋಗಿ, ಟಾರ್ಚ್ ಇಲ್ಲದೆ ಕೋಣೆಯಿಂದ ಶೌಚಾಲಯದ ತನಕ ನಡೆದು ನೋಡಿ. ಎಡವಿದಲ್ಲಿ ಕಲ್ಲು ತೆಗೆಸಿ, ಬಲ್ಬು ಹಾಕಿಸಿ.

ಬಂದ ರಾತ್ರಿ ಊಟಕ್ಕೆ ನಿಮ್ಮ ಮನೆಯಿಂದಲೇ ಅನ್ನ ಸಾರು ಕಳಿಸಿ, ದೂರದ ದಾರಿ ಬಂದಿರುತ್ತಾರೆ. ಮರುದಿನ ಬೆಳಗ್ಗೆ ಕೆಲಸಕ್ಕೆ ಕರೆಯುವ ಮೊದಲು ಮನೆ ಸುತ್ತಿಸಿ ತೋರಿಸಿ. ಬಾವಿ ಎಲ್ಲಿ, ಮೇನ್ ಸ್ವಿಚ್ ಎಲ್ಲಿ, ಆಸ್ಪತ್ರೆಗೆ ಹೋಗಲು ಯಾರನ್ನು ಕೂಗಬೇಕು. ವಾರ ಕಳೆದ ಮೇಲೆ ಏನು ತೊಂದರೆ ಅಂತ ಕೇಳಿ, ಗಂಡಸರನ್ನು ಕೇಳಿದರೆ "ಏನಿಲ್ರಿ" ಅಂತಾರೆ. ಮನೆಯ ಹೆಂಗಸರು ಹೋಗಿ ಅವರ ಹೆಂಗಸರ ಹತ್ತಿರ ಕೇಳಿದರೆ ಬಚ್ಚಲಿನ ಚಿಲಕ ಕೂರುವುದಿಲ್ಲ ಅನ್ನುವುದರಿಂದ ಹಿಡಿದು ಎಲ್ಲ ಹೊರಬರುತ್ತದೆ.

ಸೀಸನ್ ಮುಗಿದು ಅವರು ಹೊರಟ ವಾರದಲ್ಲೇ ರಿಪೇರಿ ಪಟ್ಟಿ ಮಾಡಿ. ಹಂಚು ಕೈಯಾಡಿಸುವುದು, ಚರಂಡಿ ಬಿಡಿಸುವುದು, ಧರೆ ಮೇಲಿನ ನೀರು ತಿರುಗಿಸುವುದು, ಇಷ್ಟು ಮೇ ತಿಂಗಳೊಳಗೆ ಆಗಬೇಕು. ಮಳೆ ಹಿಡಿದ ಮೇಲೆ ಹಂಚಿನ ಕೆಲಸದವರು ಸಿಗುವುದಿಲ್ಲ.